ಚಳಿಗಾಲದ ಕಾರಂಜಾ: ಗಾಳ, ಒಲೆ, ರೊಟ್ಟಿ

ಡಿಸೆಂಬರ್–ಜನವರಿಯಲ್ಲಿ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯಕ್ಕೆ ಗಾಳ ಹಿಡಿದು ಹೊರಡುವವರು ಮಾಡುವ ಮೊದಲ ತಪ್ಪು ನಸುಕಿನ ನಾಲ್ಕಕ್ಕೆ ಏಳುವುದು. ಬೇಸಿಗೆಯಲ್ಲಿ ಆ ಲೆಕ್ಕ ಸರಿ, ಬಿಸಿಲೇರುವ ಮೊದಲೇ ಮೀನು ದಂಡೆಗೆ ಬಂದು ಮೇಯುತ್ತದೆ. ಚಳಿಗಾಲದಲ್ಲಿ ಅದು ತಿರುವುಮುರುವು. ಬೀದರ್ ಸೀಮೆ ಎತ್ತರದ ಬಯಲು, ರಾತ್ರಿಯ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ದಂಡೆಯ ತೆಳು ನೀರು ರಾತ್ರಿಯೆಲ್ಲ ತಣ್ಣಗಾಗಿ ಮೀನು ಆಳಕ್ಕೆ ಸರಿದಿರುತ್ತದೆ. ಮೀನಿಗೆ ತನ್ನದೆಂಬ ಮೈಬಿಸಿ ಇಲ್ಲ, ನೀರಿನ ಬಿಸಿಯೇ ಅದರ ಬಿಸಿ. ಕಾಟ್ಲಾ, ರೋಹು, ಮೃಗಾಲ ಚೆನ್ನಾಗಿ ಮೇಯುವುದು ನೀರು 25ರಿಂದ 30 ಡಿಗ್ರಿ ಇದ್ದಾಗ. ಅದಕ್ಕಿಂತ ತಣ್ಣಗಾದರೆ ಹೊಟ್ಟೆಯಲ್ಲಿ ತಿಂದದ್ದು ನಿಧಾನಕ್ಕೆ ಕರಗುತ್ತದೆ, ಹಸಿವೂ ಕಡಿಮೆ. ಹಾಗಾಗಿ ಗಾಳ ಬಿಡಲು ತಕ್ಕ ಹೊತ್ತು ಬೆಳಗ್ಗೆ 10.30ರಿಂದ ಮಧ್ಯಾಹ್ನ 3.30. ಆರಾಮಾಗಿ ಚಹಾ ಕುಡಿದು ಹೊರಡಿ.

ತಡವಾಗಿ ಹೊರಡಲು ಇನ್ನೊಂದು ಕಾರಣ ರಸ್ತೆ. ಹುಮನಾಬಾದ್, ಭಾಲ್ಕಿ ಕಡೆ ಇದು ಕಬ್ಬು ನುರಿಸುವ ಕಾಲ. ಹಿಂದಿನ ದೀಪವೇ ಇಲ್ಲದ ಎರಡೆರಡು ಟ್ರೇಲರಿನ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಸಾಲುಗಟ್ಟಿರುತ್ತವೆ, ಮೇಲೆ ಮಂಜು ಬೇರೆ. ಕಲಬುರಗಿಯಿಂದ ಬರುವವರು ಏಳಕ್ಕೆ ಹೊರಟು ಕಮಲಾಪುರ, ಹುಮನಾಬಾದ್ ದಾಟಿ ಹಳ್ಳಿಖೇಡ ಕಡೆಯಿಂದ ನೀರಿನ ಹತ್ತಿರ ಇಳಿಯುವಷ್ಟರಲ್ಲಿ ಬಿಸಿಲು ಬಿದ್ದಿರುತ್ತದೆ. ಬೀದರ್‌ನವರಿಗೆ ಒಂದು ಗಂಟೆಯ ದಾರಿ. ಎಳ್ಳಮಾವಾಸ್ಯೆಯ ದಿನ ಮಾತ್ರ ಬೇಡ. ಅಂದು ಊರೂರೇ ಚರಗ ಚೆಲ್ಲಲು, ಎಂದರೆ ಬೆಳೆಗೆ ಪೂಜೆ ಮಾಡಿ ಅಡುಗೆಯ ನೈವೇದ್ಯ ಎರಚಲು, ಹೊಲದಲ್ಲಿರುತ್ತದೆ. ಕಾಳು–ಸೊಪ್ಪಿನ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುವವರ ಪಕ್ಕದಲ್ಲಿ ಮೀನು ಹೆಚ್ಚುತ್ತ ಕೂರುವುದು ಮರ್ಯಾದೆಯಲ್ಲ. ಅಂದು ಯಾರಾದರೂ ಹೊಲಕ್ಕೆ ಕರೆದರೆ ಗಾಳ ಮನೆಯಲ್ಲೇ ಬಿಟ್ಟು ಅಲ್ಲಿಗೇ ಹೋಗಿ.

ಅನುಮತಿಯ ಮಾತು ಮೊದಲೇ ಮುಗಿಸಿಕೊಳ್ಳಿ. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಕೈಯಲ್ಲಿದೆ, ಅಲ್ಲಿ ಬಲೆ ಹಾಕುವವರು ಅದರ ಅನುಮತಿ ಪಡೆದವರು. ತಾಲ್ಲೂಕಿನ ಇಲಾಖೆ ಕಚೇರಿಯಲ್ಲಿ ಕೇಳಿ, ದಂಡೆಯ ಮೀನುಗಾರರಿಗೂ ಒಂದು ಮಾತು ಹೇಳಿ. ಕಚೇರಿಯವರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ: ಹಳೆಯ ಹಳ್ಳದ ಪಾತ್ರ ನೀರಿನಡಿ ಎಲ್ಲಿ ಹಾದಿದೆ, ಯಾವ ಕಡೆ ಮುಳುಗಿದ ಜಾಲಿ ಗಿಡಗಳಿವೆ ಎಂಬುದು. ಖಾಲಿ ಬಾಟಲಿ, ಥರ್ಮಾಕೋಲ್ ತುಂಡು ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಎಂದರ್ಥ, ಅದರ ಹತ್ತಿರ ಗಾಳ ಎಸೆಯಬೇಡಿ. ಅಣೆಕಟ್ಟಿನ ಗೋಡೆ, ಗೇಟು, ಕಾಲುವೆಯ ಬಾಯಿಯ ಕಡೆಗಂತೂ ಹೋಗಲೇಬೇಡಿ.

ಫಿನ್ಲೆಂಡ್, ಕೆನಡಾ ಕಡೆ ಇದೇ ತಿಂಗಳಲ್ಲಿ ಕೆರೆ ಹೆಪ್ಪುಗಟ್ಟಿ, ಜನ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಡುತ್ತಾರೆ. ಕಾಲಿಡುವ ಮುಂಚೆ ಗಡ್ಡೆ ಕನಿಷ್ಠ ನಾಲ್ಕು ಇಂಚು ದಪ್ಪ ಇದೆಯೇ ಎಂದು ಅಳೆಯುತ್ತಾರೆ. ನಮ್ಮಲ್ಲಿ ಅಳೆಯಬೇಕಾದದ್ದು ಕೆಸರು. ಮಳೆಗಾಲದಲ್ಲಿ ತುಂಬಿದ ಕಾರಂಜಾ ಹಿಂಗಾರು ಬೆಳೆಗೆ ನೀರು ಬಿಟ್ಟ ಹಾಗೆ ಇಳಿಯುತ್ತದೆ, ಹಿಂದೆ ಸರಿದ ನೀರು ಎರೆಮಣ್ಣಿನ ಪಟ್ಟಿಯೊಂದನ್ನು ಬಿಟ್ಟುಹೋಗುತ್ತದೆ. ಮೇಲ್ಪದರ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದಂತೆ ಕಾಣುತ್ತದೆ, ಕೆಳಗೆ ಮೊಣಕಾಲುದ್ದ ರಾಡಿ. ನಾಲ್ಕಡಿ ಉದ್ದದ ಕೋಲಿನಿಂದ ಚುಚ್ಚುತ್ತ ಮುಂದೆ ಹೋಗಿ. ಕೋಲು ಗೇಣಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಅಲ್ಲೇ ನಿಲ್ಲಿ. ಕಾಲು ಹೂತರೆ ಮತ್ತೊಂದು ಕಾಲಿನ ಮೇಲೆ ಭಾರ ಹಾಕಿ ಎಳೆಯಬಾರದು, ಅದೂ ಹೂಳುತ್ತದೆ. ಹಿಂದಕ್ಕೆ ಕುಳಿತು, ಮೈಯ ಭಾರ ಹರಡಿ, ಹೂತ ಕಾಲನ್ನು ಅಲ್ಲಾಡಿಸುತ್ತ ನಿಧಾನ ಬಿಡಿಸಿಕೊಳ್ಳಿ. ಕೆಂಪು ಜಂಬಿಟ್ಟಿಗೆ ಕಲ್ಲು ನೀರಿನತನಕ ಇಳಿದಿರುವ ಜಾಗ ಸಿಕ್ಕರೆ ಬೇರೆ ಹುಡುಕುವುದೇ ಬೇಡ. ಕಾಲಿಗೆ ಗಟ್ಟಿ, ಪಕ್ಕದಲ್ಲೇ ಆಳ, ಬಿಸಿಲಿಗೆ ಕಾದ ಕಲ್ಲಿನ ಬಳಿ ನೀರೂ ಬೇಗ ಬೆಚ್ಚಗಾಗುತ್ತದೆ. ಬೆಳಗಿನ ಬಿಸಿಲು ನೇರ ಬೀಳುವ, ಗಾಳಿಗೆ ಮರೆಯಾದ ಮೂಲೆಯಾದರೆ ಇನ್ನೂ ಒಳ್ಳೆಯದು.

ಸಾಮಾನು ಹೆಚ್ಚು ಬೇಕಿಲ್ಲ. ಒಂಬತ್ತು ಅಡಿಯ ಕೋಲು, 4000 ಅಳತೆಯ ಸ್ಪಿನ್ನಿಂಗ್ ರೀಲು, ಅದಕ್ಕೆ 0.30 ಮಿಲಿಮೀಟರ್ ನೈಲಾನ್ ದಾರ ನೂರು ಮೀಟರ್. ಗಾಳ 8 ಅಥವಾ 10 ನಂಬರ್. ನಂಬರ್ ಹೆಚ್ಚಾದಷ್ಟೂ ಗಾಳ ಸಣ್ಣದು. ಇದು ತಿಳಿಯದೆ ‘ದೊಡ್ಡ ಮೀನಿಗೆ ದೊಡ್ಡ ನಂಬರ್’ ಎಂದು ಕೊಂಡು ತರುವವರಿದ್ದಾರೆ. ಮಳೆಗಾಲ ಮುಗಿದ ಹೊಸದರಲ್ಲಿ 4 ನಂಬರ್ ನಡೆಯುತ್ತದೆ, ಚಳಿಯಲ್ಲಿ ಮೀನು ಬಾಯಿ ತೆರೆಯುವುದೇ ಅಷ್ಟಕ್ಕಷ್ಟೆ. ಮೊದಲು ಸೀಸದ ಗುಂಡನ್ನಷ್ಟೇ ಕಟ್ಟಿ ಆಳ ನೋಡಿಕೊಳ್ಳಿ. ಆರರಿಂದ ಹತ್ತು ಅಡಿ ಸಿಕ್ಕರೆ ಸಾಕು. ಮೃಗಾಲ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುವ ಮೀನು, ಅವಕ್ಕೆ ಗಾಳ ತಳ ಮುಟ್ಟಿರಲಿ. ರೋಹುವಿಗೆ ತಳದಿಂದ ಎರಡಡಿ ಮೇಲೆ. ಕಾಟ್ಲಾ ಮೇಲುನೀರಿನ ಮೀನು. ಮಧ್ಯಾಹ್ನ ಒಂದರ ನಂತರ ಮೇಲಿನ ನೀರು ಬೆಚ್ಚಗಾದ ಮೇಲೆ ಮೂರ್ನಾಲ್ಕು ಅಡಿ ಆಳದಲ್ಲಿ ಪ್ರಯತ್ನಿಸಿ.

ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡಿನ ತೂಕ ಸರಿಹೊಂದಿಸುವುದರಲ್ಲೇ ಅರ್ಧ ಕೆಲಸವಿದೆ. ನೀರಿನ ಮೇಲೆ ಬೆರಳಿನ ಉಗುರಿನಷ್ಟೇ ಕಾಣುವಂತೆ ಸಣ್ಣ ಸೀಸದ ಗುಂಡುಗಳನ್ನು ಸೇರಿಸಿ. ಬೆಂಡು ಅರ್ಧ ಮೇಲೆದ್ದು ನಿಂತಿದ್ದರೆ ಚಳಿಗಾಲದ ಮೆಲ್ಲನೆಯ ಕಚ್ಚು ತಿಳಿಯುವುದೇ ಇಲ್ಲ. ಅದು ಬುಳಕ್ಕನೆ ಮುಳುಗಲೆಂದು ಕಾಯಲೂಬೇಡಿ. ತಳದ ಮೀನು ಹಿಟ್ಟನ್ನೂ ಕೊನೆಯ ಗುಂಡನ್ನೂ ಎತ್ತಿದಾಗ ಬೆಂಡು ಮುಳುಗುವ ಬದಲು ಮೇಲೇಳುತ್ತದೆ, ಇಲ್ಲವೇ ಅಡ್ಡ ಮಲಗುತ್ತದೆ. ಕೋಲು ಎತ್ತಬೇಕಾದದ್ದು ಆಗಲೇ, ಅದೂ ಜೋರಾಗಿ ಅಲ್ಲ, ಮಣಿಕಟ್ಟಿನಿಂದ ಸ್ವಲ್ಪ.

ಇನ್ನು ಎರೆ. ಎರೆಮಣ್ಣಿನ ನಾಡಿನಲ್ಲಿ ಎರೆಹುಳುವನ್ನೇ ಎರೆಯಾಗಿ ಸಿಕ್ಕಿಸುವುದು ಸುಲಭ ಎನಿಸೀತು, ಆದರೆ ಚಳಿಗಾಲದಲ್ಲಿ ಹೊಲ ಒಣಗಿ ಹುಳು ಆಳಕ್ಕೆ ಇಳಿದಿರುತ್ತದೆ. ತಿಪ್ಪೆಯ ಅಡಿ, ಬೋರಿನ ನೀರು ಸದಾ ಹರಿಯುವ ಜಾಗ, ಇವೆರಡರಲ್ಲಿ ಹುಡುಕಿ. ಸಿಗದಿದ್ದರೆ ಹಿಟ್ಟು ಸಾಕು. ಕಾಲು ಕಿಲೋ ಗೋಧಿ ಹಿಟ್ಟು, ಒಂದು ಹಿಡಿ ಪುಟಾಣಿ (ಹುರಿಗಡಲೆ) ಹಿಟ್ಟು, ನಿಂಬೆಹಣ್ಣಿನಷ್ಟು ಬೆಲ್ಲದ ನೀರು. ಚಿಟಿಕೆ ಹತ್ತಿ ಬಿಡಿಸಿ ಸೇರಿಸಿ ನಾದಿದರೆ ಗಾಳಕ್ಕೆ ಹಿಡಿದು ನಿಲ್ಲುತ್ತದೆ. ತುಪ್ಪ ಹಾಕಬೇಡಿ. ತಣ್ಣೀರಿನಲ್ಲಿ ಅದು ಹೆಪ್ಪುಗಟ್ಟಿ ಹಿಟ್ಟು ಕಲ್ಲಾಗುತ್ತದೆ, ವಾಸನೆ ಹರಡುವುದಿಲ್ಲ. ಕಿವಿಯ ಹಾಲೆಯಷ್ಟು ಮೆತ್ತಗಿರಲಿ, ಉಂಡೆ ಕಡಲೆಕಾಳಿನ ಗಾತ್ರದ್ದಿರಲಿ, ಕಾಲು ಗಂಟೆಗೊಮ್ಮೆ ಬದಲಿಸಿ.

ನೀರಿಗೆ ಚೆಲ್ಲುವ ಮೇವಿಗೆ ಅರ್ಧ ಕಿಲೋ ಶೇಂಗಾ ಹಿಂಡಿ, ಕಾಲು ಕಿಲೋ ಅಕ್ಕಿ ತವುಡು, ಕಾಲು ಕಿಲೋ ಜೋಳದ ಹಿಟ್ಟು. (ಹಿಂಡಿ ಎಂದರೆ ಎಣ್ಣೆ ತೆಗೆದ ಗಾಣದ ಹಿಂಡಿ. ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯ ಡಬ್ಬಿ ಬೇರೆಯೇ ಇರಲಿ, ದೋಸ್ತರ ಗದ್ದಲದಲ್ಲಿ ಎರಡೂ ಅದಲುಬದಲಾಗುತ್ತವೆ.) ನಾಲ್ಕು ಕೋಲಿಗೆ ಇಡೀ ದಿನಕ್ಕೆ ಈ ಒಂದು ಕಿಲೋ ಸಾಕು. ಮೊದಲಿಗೆ ನಿಂಬೆ ಗಾತ್ರದ ನಾಲ್ಕು ಉಂಡೆ, ಆಮೇಲೆ ಅರ್ಧ ಗಂಟೆಗೆ ಒಂದು. ಬೇಸಿಗೆಯ ಹಾಗೆ ಬುಟ್ಟಿಗಟ್ಟಲೆ ಸುರಿದರೆ ಹಸಿವಿಲ್ಲದ ಮೀನಿಗೆ ಹೊಟ್ಟೆ ತುಂಬಿಸಿ ಮನೆಗೆ ಕಳಿಸಿದಂತೆ.

ಮೀನು ಕೈತಪ್ಪುವುದು ಹೆಚ್ಚಾಗಿ ದಂಡೆಯ ಹತ್ತಿರದ ಕೊನೆಯ ಹತ್ತಡಿಯಲ್ಲಿ. ರೀಲಿನ ಬಿಗಿಯನ್ನು ಮೊದಲೇ ನೋಡಿಡಿ: ದಾರದ ತುದಿಗೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿ ಎತ್ತಿ. ಬಾಟಲಿ ನೆಲ ಬಿಡುವಾಗ ರೀಲು ತುಸುವೇ ಜಾರಿ ದಾರ ಕೊಡಬೇಕು. ಜಾರದಿದ್ದರೆ ಎರಡು ಕಿಲೋದ ರೋಹು ಕೊನೆಯ ಹೊರಳಿಗೆ ದಾರ ಹರಿಯುತ್ತದೆ. ಆರಡಿ ಹಿಡಿಕೆಯ ಕೈಬಲೆ ಇದ್ದರೆ ಕೆಸರಿಗೆ ಇಳಿಯುವ ಪ್ರಮೇಯ ಬಾರದು. ಚೇಳುಮೀನು ಬಂದರೆ ಬರಿಗೈಯಲ್ಲಿ ಹಿಡಿಯಬೇಡಿ, ಪಕ್ಕದ ಮುಳ್ಳು ಚುಚ್ಚಿದರೆ ಉರಿ ತಡೆಯಲಾಗದು. ಚುಚ್ಚಿದರೆ ಸಹಿಸುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆ ಕೈ ಅದ್ದಿ, ನೋವು ಇಳಿಯುತ್ತದೆ. ಅಂಗೈಗಿಂತ ಸಣ್ಣ ಮೀನನ್ನು ಒದ್ದೆ ಕೈಯಿಂದಲೇ ಬಿಡಿಸಿ ನೀರಿಗೆ ಬಿಡಿ.

ಚಳಿ ಇದೆ, ಮೀನು ಕೆಡುವುದಿಲ್ಲ ಎಂಬ ಧೈರ್ಯ ಬೇಡ. ಮಧ್ಯಾಹ್ನದ ಬಿಸಿಲು ಬಿಸಿಲೇ. ಕೆರೆಯೇ ಮಂಜುಗಡ್ಡೆಯಾಗಿರುವ ದೇಶದವರಿಗೆ ಈ ಖರ್ಚಿಲ್ಲ, ನಾವು ಹುಮನಾಬಾದ್ ಅಥವಾ ಬೀದರ್‌ನಲ್ಲೇ ಐಸು ಕೊಂಡು ಒಯ್ಯಬೇಕು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮೀನಿನಷ್ಟೇ ತೂಕದ ಪುಡಿ ಐಸು, ಒಂದು ಪದರ ಐಸು, ಒಂದು ಪದರ ಮೀನು. ಕರಗಿದ ನೀರು ಹೊರಹೋಗಲು ಅಡಿಯಲ್ಲಿ ಒಂದು ತೂತು. ನೀರಲ್ಲಿ ನೆನೆದ ಮೀನಿನ ಮಾಂಸ ಸಡಿಲವಾಗುತ್ತದೆ.

ಶುಚಿ ಮಾಡುವಾಗ ಹುರುಪೆಯನ್ನು ಬಾಲದಿಂದ ತಲೆಯ ಕಡೆಗೆ ಕೆರೆಯಿರಿ. ಹೊಟ್ಟೆ ಸೀಳುವಾಗ ಚೂರಿಯ ಮೊನೆ ಆಳಕ್ಕೆ ಹೋಗದಿರಲಿ, ಹಸಿರು ಪಿತ್ತದ ಚೀಲ ಒಡೆದರೆ ಮಾಂಸವೆಲ್ಲ ಕಹಿ. ಕಹಿಯಷ್ಟೇ ಅಲ್ಲ, ರೋಹು–ಕಾಟ್ಲಾದ ಪಿತ್ತ ವಿಷ. ಔಷಧಿ ಎಂದು ನುಂಗಿ ಕಿಡ್ನಿ ಕೆಡಿಸಿಕೊಂಡ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಕಿವಿರು, ಹೊಟ್ಟೆಯೊಳಗಿನ ಕಪ್ಪು ಪೊರೆ ತೆಗೆದುಹಾಕಿ. ನಿಂತ ನೀರಿನ ಮೀನಿಗೆ ಮಣ್ಣಿನ ವಾಸನೆ ಸಹಜ. ಉಪ್ಪು, ಅರಿಸಿನ, ಹುಣಸೆ ನೀರು ಅಥವಾ ಹುಳಿ ಮಜ್ಜಿಗೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ತೊಳೆದರೆ ಹೋಗುತ್ತದೆ, ಹುಳಿಯೇ ಆ ವಾಸನೆಯ ಮದ್ದು. ಮೂರು ಕಿಲೋ ಮೀನು ಹೆಚ್ಚಿದ ಮೇಲೆ ಎರಡು ಕಿಲೋಗೂ ಕಡಿಮೆ ಉಳಿಯುತ್ತದೆ. ಆರು ಜನಕ್ಕೆ ಅಷ್ಟು ಬೇಕೇ ಬೇಕು.

ಒಲೆಗೆ ಮೂರು ಕಲ್ಲು. ಕಟ್ಟಿಗೆಗೆ ಈ ಸೀಮೆಯ ಪುಣ್ಯ ನೋಡಿ, ಇದು ತೊಗರಿ ರಾಶಿಯ ಕಾಲ. ಹೊಲದವರನ್ನು ಕೇಳಿದರೆ ಒಂದು ಹೊರೆ ತೊಗರಿ ಕಟ್ಟಿಗೆ ಕೊಟ್ಟಾರು. ಅದು ಭಗ್ಗನೆ ಹೊತ್ತಿ ಬೇಗ ಕಾವು ಕೊಡುತ್ತದೆ, ಹುರಿಯಲು ಅದೇ ಸರಿ. ಸಾರು ಕುದಿಸಲು ಜಾಲಿ ಕಟ್ಟಿಗೆಯ ಕೆಂಡ. ಆದರೆ ಸುತ್ತ ಒಣಗಿ ನಿಂತ ಬೆಳೆ ಇರುತ್ತದೆ, ಮಧ್ಯಾಹ್ನ ಗಾಳಿಯೂ ಏಳುತ್ತದೆ. ಹೊಲದಿಂದ ದೂರ, ನೀರಿಳಿದ ಬರಿ ನೆಲದಲ್ಲಿ ಗೇಣುದ್ದ ಗುಂಡಿ ತೋಡಿ ಒಲೆ ಹೂಡಿ, ಪಕ್ಕದಲ್ಲಿ ಎರಡು ಕೊಡ ನೀರಿರಲಿ.

ಹುರಿಯುವ ತುಂಡು ಮುಕ್ಕಾಲು ಇಂಚು ದಪ್ಪ. ರೋಹುವಿನ ಮಾಂಸದೊಳಗೆ ಕವಲುಮುಳ್ಳು ಬಹಳ, ಬಾಲದ ಕಡೆ ಇನ್ನೂ ಹೆಚ್ಚು. ಬಾಲದ ತುಂಡಿಗೆ ಅಕ್ಕಿಕಾಳಿನಗಲಕ್ಕೊಂದು ಕಚ್ಚು ಹಾಕಿ ಹುರಿದರೆ ಸಣ್ಣ ಮುಳ್ಳು ಗರಿಯಾಗಿ ಹಲ್ಲಿಗೆ ಪುಡಿಯಾಗುತ್ತದೆ. ಒಂದು ಕಿಲೋಗೆ ಮೂರು ಚಮಚ ಕೆಂಪು ಖಾರ, ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಸಿನ, ಎರಡು ದೊಡ್ಡ ಚಮಚ ಶುಂಠಿ–ಬಳ್ಳೊಳ್ಳಿ, ಒಂದು ನಿಂಬೆ. ಅರ್ಧ ಗಂಟೆ ಬಿಟ್ಟು, ಜೋಳದ ಹಿಟ್ಟಿನಲ್ಲಿ ಹೊರಳಿಸಿ ತವಾಕ್ಕೆ ಹಾಕಿ. ಮೀನು ಹತ್ತಿಕೊಳ್ಳುವುದು ಎಣ್ಣೆ ಕಾಯದೆ ಹಾಕಿದ್ದಕ್ಕೆ, ಇಲ್ಲವೇ ಅವಸರಕ್ಕೆ ಮಗುಚಿದ್ದಕ್ಕೆ. ನಾಲ್ಕು ನಿಮಿಷ ಮುಟ್ಟಬೇಡಿ, ಅಂಚು ತಾನೇ ಬಿಡುತ್ತದೆ.

ಸಾರಿನ ಮಸಾಲೆ ಮನೆಯಲ್ಲೇ ರುಬ್ಬಿ ಡಬ್ಬಿಯಲ್ಲಿ ತನ್ನಿ: ಒಣ ಕೊಬ್ಬರಿ ಕಾಲು ಬಟ್ಟಲು, ಹುರಿದ ಎಳ್ಳು ಎರಡು ಚಮಚ, ಶೇಂಗಾ ಎರಡು ಚಮಚ, ಬಳ್ಳೊಳ್ಳಿ ಹತ್ತು ಎಸಳು. ಉಳ್ಳಾಗಡ್ಡಿ ಮಾತ್ರ ಅಲ್ಲೇ ಕೆಂಡದಲ್ಲಿ ಸುಟ್ಟು ಜಜ್ಜಿ ಸೇರಿಸಿ, ಆ ಹೊಗೆಯ ರುಚಿ ಮನೆಯ ಗ್ಯಾಸಿಗೆ ಬರುವುದಿಲ್ಲ. ಹುಣಸೆ ನೀರಿನೊಂದಿಗೆ ಹತ್ತು ನಿಮಿಷ ಚೆನ್ನಾಗಿ ಕುದ್ದ ಮೇಲೆ ತಲೆ, ಐದು ನಿಮಿಷ ಬಿಟ್ಟು ಉಳಿದ ತುಂಡು, ಮತ್ತೆ ಎಂಟು ನಿಮಿಷ. ಸೌಟು ಆಡಿಸದೆ ಪಾತ್ರೆಯನ್ನೇ ಹಿಡಿದು ತಿರುಗಿಸಿ. ರೊಟ್ಟಿ ತಲೆಗೆ ಮೂರರಂತೆ ಊರಿನ ಖಾನಾವಳಿಯಿಂದ ಕಟ್ಟಿಸಿಕೊಳ್ಳಿ, ಜೊತೆಗೆ ಒಂದಿಷ್ಟು ಖಡಕ್ ರೊಟ್ಟಿ. ಸಾರಿನಲ್ಲಿ ಮುರಿದು ನೆನೆಸಿದರೆ ಮೆತ್ತನೆಯ ರೊಟ್ಟಿಗಿಂತ ಖಡಕ್ಕೇ ಚೆನ್ನ.

ಇದೇ ಕ್ರಮ ಕಲಬುರಗಿ ಜಿಲ್ಲೆಯ ಬೆಣ್ಣೆತೊರೆ ಜಲಾಶಯಕ್ಕೂ ಹೊಂದುತ್ತದೆ. ಯಾದಗಿರಿ ಕಡೆ ಕೃಷ್ಣಾ, ಭೀಮಾ ದಂಡೆಗೆ ಹೋಗುವುದಾದರೆ ಲೆಕ್ಕ ಬೇರೆ, ಅಲ್ಲಿ ಮೊಸಳೆ ಇವೆ. ಚಳಿಗಾಲದಲ್ಲಿ ನಡುಹಗಲು ದಂಡೆಯಲ್ಲಿ ಬಿಸಿಲು ಕಾಯುವ ಅಭ್ಯಾಸ ಅವಕ್ಕೂ ಇದೆ. ನೀರಿನ ಅಂಚಿನಲ್ಲಿ ಮೀನು ತೊಳೆಯಬೇಡಿ, ಕರುಳು ಅಲ್ಲಿ ಎಸೆಯಬೇಡಿ, ಮೊಣಕಾಲು ನೀರಿಗೂ ಇಳಿಯಬೇಡಿ.

ಕತ್ತರಿಸಿದ ದಾರದ ತುಂಡುಗಳನ್ನೆಲ್ಲ ಒಂದು ಬಾಟಲಿಗೆ ತುಂಬಿ ವಾಪಸ್ ತನ್ನಿ. ಈ ತಿಂಗಳುಗಳಲ್ಲಿ ವಲಸೆ ಹಕ್ಕಿಗಳು ಅದೇ ದಂಡೆಯಲ್ಲಿ ನಡೆದಾಡುತ್ತವೆ, ಕಾಲಿಗೆ ನೈಲಾನ್ ಸುತ್ತಿದರೆ ಬಿಡಿಸಲು ಅವಕ್ಕೆ ಕೈಯಿಲ್ಲ. ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಚಳಿ ಕೂಡಲೇ ಏರುತ್ತದೆ, ಕಬ್ಬಿನ ಟ್ರ್ಯಾಕ್ಟರ್‌ಗಳು ಮತ್ತೆ ರಸ್ತೆಗೆ ಬರುತ್ತವೆ. ಒಲೆಗೆ ನೀರು ಸುರಿದು ಬೂದಿ ಕೈಯಿಂದ ಮುಟ್ಟಿ ತಣ್ಣಗಾಗಿದೆಯೇ ನೋಡಿ, ಟೈರಿಗೆ ಜಾಲಿ ಮುಳ್ಳು ಹೊಕ್ಕಿಲ್ಲವೇ ಎಂದು ಬೆಳಕಿರುವಾಗಲೇ ಪರೀಕ್ಷಿಸಿ ಐದಕ್ಕೆ ಹೊರಡಿ.