ಗುಂಡಗಿನ ಕಟ್ಟಡ, ತಲೆಕೆಳಗಾದ ಫ್ಯಾನು

ದೆಹಲಿಯ ಹಳೇ ಸಂಸತ್ ಭವನಕ್ಕೆ 144 ಕಂಬ. ಇದು ಪುಸ್ತಕದ ಲೆಕ್ಕ, ನನ್ನದಲ್ಲ. 2018ರಲ್ಲಿ ಪಾಸ್ ಸಿಕ್ಕಿ ಹೋದಾಗ ಹೊರಗಿನಿಂದ ಎಣಿಸಲು ನೋಡಿದೆ. ಕಟ್ಟಡ ಗುಂಡಗಿದೆ ನೋಡಿ, ಎಲ್ಲಿಂದ ಶುರು ಮಾಡಿದೆ ಅನ್ನೋದೇ ಮರೆತುಹೋಯಿತು. ಅರವತ್ತರ ಹತ್ತಿರ ಕೈಬಿಟ್ಟೆ.

ಇದನ್ನು ರೂಪಿಸಿದ ಇಬ್ಬರು ಬ್ರಿಟಿಷ್ ವಾಸ್ತುಶಿಲ್ಪಿಗಳಲ್ಲಿ ಬೇಕರ್ ಮೊದಲು ತ್ರಿಕೋನದ ನಕ್ಷೆ ಮಾಡಿದ್ದನಂತೆ. ಇನ್ನೊಬ್ಬ, ಲುಟಿಯನ್ಸ್, ಗುಂಡಗೇ ಇರಲಿ ಎಂದು ಹಟ ಹಿಡಿದ. ನನ್ನ ಲೆಕ್ಕ ತಪ್ಪಿದ್ದಕ್ಕೆ ಅವನೇ ಹೊಣೆ! 1921ರಲ್ಲಿ ಅಡಿಗಲ್ಲು, 1927ರ ಜನವರಿಯಲ್ಲಿ ಉದ್ಘಾಟನೆ, ಖರ್ಚು 83 ಲಕ್ಷ ರೂಪಾಯಿ.

ಒಳಗೆ ನನಗೆ ತುಂಬಾ ಹಿಡಿಸಿದ್ದು ಸೆಂಟ್ರಲ್ ಹಾಲ್‌ನ ಫ್ಯಾನುಗಳು. ಅವು ನೆಲದಿಂದ ಎದ್ದ ಕಂಬಗಳ ಮೇಲೆ ತಲೆಕೆಳಗಾಗಿ ಕೂತಿವೆ. ಗುಮ್ಮಟ ಅಷ್ಟು ಎತ್ತರ, ಮೇಲಿಂದ ಇಳಿಬಿಟ್ಟರೆ ಗಾಳಿ ಕೆಳಗೆ ಬರುವುದಿಲ್ಲ. ಸುಮ್ನೆ ಉಲ್ಟಾ ಮಾಡಿಬಿಟ್ಟರು. ಎಸಿ ಬಂದ ಮೇಲೂ ಅವನ್ನು ಕಿತ್ತಿಲ್ಲ. ಅದು ಮೊದಲು ಗ್ರಂಥಾಲಯವಾಗಿದ್ದ ಹಾಲ್. ಸಂವಿಧಾನ ಸಭೆ 1946ರ ಡಿಸೆಂಬರ್ 9ರಂದು ಮೊದಲ ಸಲ ಸೇರಿದ್ದು ಅಲ್ಲೇ. ಪಕ್ಕದಲ್ಲಿ ರಾಜಮಹಾರಾಜರಿಗೆಂದು ಕಟ್ಟಿದ ಸಭಾಂಗಣದಲ್ಲಿ 1958ರವರೆಗೆ ಸುಪ್ರೀಂ ಕೋರ್ಟ್ ನಡೆಯಿತು. ರಾಜರಿಗೆ ಮಾಡಿಸಿದ ಜಾಗದಲ್ಲಿ ಪ್ರಜೆಗಳ ವ್ಯಾಜ್ಯ, ಚೆನ್ನಾಗಿದೆ ಅಲ್ವಾ?

ಹಾಗಾಗಿ "ಮೊದಲಿದ್ದ ಹಾಗೇ ಉಳಿಸಬೇಕು" ಅಂತ ಯಾರಾದರೂ ಹೇಳಿದರೆ, ಯಾವ ವರ್ಷದ ಹಾಗೆ ಎಂದು ಕೇಳಬೇಕೆನಿಸುತ್ತದೆ. 1927ರ ರೂಪವೇ ಬೇಕಾದರೆ ಸೆಂಟ್ರಲ್ ಹಾಲ್‌ಗೆ ಪುಸ್ತಕಗಳನ್ನು ವಾಪಸ್ ತರಬೇಕು. ಜಾಗ ಸಾಲದೆ 1956ರಲ್ಲಿ ಮೇಲೆ ಮಹಡಿ ಏರಿಸಿದರು. ಅದನ್ನೂ ಕೆಡವಬೇಕಾಗುತ್ತದೆ. ಆ ಮಹಡಿ ನನಗೆ ಇಷ್ಟವಿಲ್ಲ, ಕಂಬಗಳ ಸಾಲಿನ ತಲೆಯ ಮೇಲೆ ಯಾರೋ ಡಬ್ಬಿ ಇಟ್ಟ ಹಾಗೆ ಕಾಣುತ್ತದೆ. ಆದರೂ ಕೆಡವಿ ಅನ್ನಲಾರೆ. ಗಣರಾಜ್ಯ ಶುರುವಾದ ಮೇಲೆ ಕೆಲಸ ಜಾಸ್ತಿಯಾಯಿತು, ಕೋಣೆ ಬೇಕಾದವು. ಅದೂ ಆ ಕಟ್ಟಡದ ಕಥೆಯೇ.

2023ರ ಸೆಪ್ಟೆಂಬರ್‌ನಲ್ಲಿ ಸದನಗಳು ಪಕ್ಕದ ಹೊಸ ಕಟ್ಟಡಕ್ಕೆ ಹೋದವು. ಈ ಹಳೇ ಕಟ್ಟಡಕ್ಕೆ ಸಂವಿಧಾನ ಸದನ ಎಂದು ಹೆಸರಾಯಿತು. ಗಾಜಿನ ಪೆಟ್ಟಿಗೆಗಳನ್ನಿಟ್ಟು ಬರೀ ಮ್ಯೂಸಿಯಂ ಮಾಡಿಬಿಟ್ಟಾರು ಅನ್ನೋ ಹೆದರಿಕೆ ನನಗೆ. ಸಭೆ ನಡೆಯಲಿ, ಜನ ಬೆಂಚಿನ ಮೇಲೆ ಕೂರಲಿ. ಆಗ ಸೋರುವುದು, ಬಿರುಕು ಬಿಡುವುದು ಬೇಗ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಸಲ ಪಾಸ್ ಸಿಕ್ಕರೆ ಶುರು ಮಾಡುವ ಗೇಟಿನ ನಂಬರ್ ಕೈಮೇಲೆ ಬರೆದುಕೊಂಡು ಕಂಬ ಎಣಿಸುತ್ತೇನೆ. ಗೇಟುಗಳೇ ಹನ್ನೆರಡಿವೆ.