ಟ್ಯೂಬರ್ಕಲ್ ದಾಟಿ ಎರಡು ಸೆಂಟಿಮೀಟರ್

ನಮ್ಮ ಸರ್ಜರಿ ವಿಭಾಗದಲ್ಲಿ ಕಲಿತವರಿಗೆ ಈ ಶೀರ್ಷಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ತೊಡೆಸಂದಿನ ಹರ್ನಿಯಾಕ್ಕೆ ಹಾಕುವ ಬಲೆಬಟ್ಟೆ, ಅಂದರೆ ಮೆಶ್‌ನ ಒಳತುದಿ ಪ್ಯೂಬಿಕ್ ಟ್ಯೂಬರ್ಕಲ್ ಎಂಬ ಮೂಳೆಯುಬ್ಬನ್ನು ಮುಚ್ಚಿ ಇನ್ನೂ ಅಷ್ಟು ಮುಂದೆ ಹೋಗಿರಬೇಕು. ಮರುಕಳಿಸಿದ ಹರ್ನಿಯಾವನ್ನು ತೆರೆದು ನೋಡಿದರೆ ಎಷ್ಟೋ ಸಲ ತೂತು ಸಿಗುವುದು ಆ ಮೂಳೆಯ ಪಕ್ಕದಲ್ಲೇ. ಮೆಶ್ ದೇಹದೊಳಗೆ ಕುಗ್ಗುವುದರಿಂದ, ಅಳತೆಗೆ ಸರಿಯಾಗಿ ಕತ್ತರಿಸಿದ್ದು ಮುಂದೆ ಸಾಲದಾಗುತ್ತದೆ. ಹೊಲಿಗೆಯನ್ನು ಮೂಳೆಯ ಪೊರೆಗೆ ಹಾಕಿದರೆ ನೋವು ಬೆನ್ನು ಬಿಡುವುದಿಲ್ಲ.

ಮರವಳಿಕೆ ಮದ್ದಿನ ಪಾಠ ಬರೀ ಲೆಕ್ಕ. ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಕಿಲೋಗೆ 7 ಮಿ.ಗ್ರಾಂ. ದಾಟಬಾರದು, 50 ಕಿಲೋ ತೂಕದವರಿಗೆ 350 ಮಿ.ಗ್ರಾಂ. ಶೇ. 2ರ ಬಾಟಲಿಯಲ್ಲಾದರೆ ಅದು ಹದಿನೇಳೂವರೆ ಮಿ.ಲೀ., ಅರ್ಧ ದಾರಿಯಲ್ಲೇ ಮುಗಿಯುತ್ತದೆ. ಸಲೈನ್ ಸೇರಿಸಿ ಶೇ. 0.5ಕ್ಕೆ ತೆಳುಮಾಡಿದರೆ ಅದೇ ಮದ್ದು 70 ಮಿ.ಲೀ. ಚುಚ್ಚಬೇಕಾದದ್ದು ಚರ್ಮದಡಿ, ಹೊಟ್ಟೆಯ ಹೊರಸ್ನಾಯುವಿನ ಎಕ್ಸ್‌ಟರ್ನಲ್ ಆಬ್ಲಿಕ್ ಪೊರೆಯನ್ನು ಕತ್ತರಿಸುವ ಮೊದಲು ಅದರಡಿ, ಟ್ಯೂಬರ್ಕಲ್ ಸುತ್ತ, ಕೊನೆಗೆ ಹರ್ನಿಯಾ ಚೀಲದ ಕುತ್ತಿಗೆಗೆ. ಈ ಕೊನೆಯದನ್ನು ಮರೆತು ಚೀಲ ಎಳೆದರೆ ರೋಗಿ ಚೀರುತ್ತಾನೆ. ಆಗ ‘ಲೋಕಲ್ ಹಿಡಿಯಲಿಲ್ಲ’ ಎಂದು ಮದ್ದನ್ನು ದೂರುವುದು ಹೌಸ್ ಸರ್ಜನ್‌ಗಳ ಹಳೆಯ ಚಾಳಿ! ಅರಿವಳಿಕೆ ತಜ್ಞರಿಲ್ಲದ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಲೆಕ್ಕವೇ ಆಧಾರ.

ದುಬಾರಿ ಮೆಶ್ ಬದಲು ಸೊಳ್ಳೆಪರದೆಯ ಬಟ್ಟೆಯನ್ನೇ ಮೆಶ್ ಆಗಿ ಹಾಕುವುದು ಎಂದರೆ ಮೊದಲು ನಗು ಬರುತ್ತಿತ್ತು. ಅದನ್ನು ಬಳಕೆಗೆ ತಂದವರು ಮಹಾರಾಷ್ಟ್ರದ ದೊಂಡಾಯಿಚಾದ ಸರ್ಜನ್ ರವೀಂದ್ರನಾಥ ಟೋಣಗಾಂವಕರ್. ಹಲವು ಕೇಂದ್ರಗಳ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಕೀಟನಾಶಕ ಲೇಪಿಸಿದ ಪರದೆ ಕೂಡದು. ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ 121 ಡಿಗ್ರಿಯಲ್ಲೇ ಇರಬೇಕು. ಅವಸರಕ್ಕೆ 134ಕ್ಕೆ ಏರಿಸಿದರೆ ಪರದೆಯ ಪಾಲಿಎಥಿಲೀನ್ ನೂಲು ಮುದುಡಿ ಗಟ್ಟಿಯಾಗುತ್ತದೆ. ಅಂಗಡಿಯ ಯಾವ ಪರದೆಯಾದರೂ ಆದೀತು ಎನ್ನುವುದನ್ನು ನಾವು ಒಪ್ಪುವುದಿಲ್ಲ. ಹಾಸಿಗೆಗೆಂದು ನೇಯ್ದ ಬಟ್ಟೆಯ ನೂಲು ಯಾವಾಗ ಬದಲಾಯಿತೆಂದು ಆಸ್ಪತ್ರೆಗೆ ಯಾರೂ ತಿಳಿಸುವುದಿಲ್ಲ, ಪರೀಕ್ಷೆಯಾದ ಬಟ್ಟೆಯೇ ಬೇಕು.

ಯುಗಾಂಡದಲ್ಲಿ 302 ಗಂಡಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಪರದೆಯ ಮೆಶ್ ಗುಂಪಿನಲ್ಲಿ ಮರುಕಳಿಸಿದ್ದು ಒಬ್ಬರಿಗೆ, ದುಬಾರಿ ಮೆಶ್ ಗುಂಪಿನಲ್ಲಿ ಯಾರಿಗೂ ಇಲ್ಲ. ಬಟ್ಟೆಯ ಪ್ರಶ್ನೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಉಳಿದದ್ದು ಕೈಯದು. ಸಿಯೆರಾ ಲಿಯೋನ್‌ನಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದ, ಆದರೆ ವೈದ್ಯ ಪದವಿಯಿಲ್ಲದ ಕ್ಲಿನಿಷಿಯನ್‌ಗಳನ್ನೂ ವೈದ್ಯರನ್ನೂ ಹೋಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ನೋಡಿ: ವರ್ಷದೊಳಗೆ ಮರುಕಳಿಸಿದ್ದು ಪದವಿಯಿಲ್ಲದವರ ರೋಗಿಗಳಲ್ಲಿ ಶೇ. 0.9, ವೈದ್ಯರ ರೋಗಿಗಳಲ್ಲಿ ಶೇ. 6.9. ಪದವಿ ಗೋಡೆಗೆ ತೂಗುಹಾಕಿದ ನಮಗೆ ಇದು ನುಂಗಲಾರದ ತುತ್ತು.

ಕಾಲೇಜಿನ ಸ್ಕಿಲ್ ಲ್ಯಾಬ್‌ಗೆ ಒಂದು ಕೋರಿಕೆ. ದುಬಾರಿ ಸಿಮ್ಯುಲೇಟರ್‌ಗೆ ಕಾಯುವುದು ಬೇಡ. ಹಲಗೆಯ ಮೇಲೆ ಬಟ್ಟೆ ಬಿಗಿದು, ವೃಷಣಕ್ಕೆ ಹೋಗುವ ನಾಳಗಳ ಹುರಿಯಾದ ಕಾರ್ಡ್‌ನ ಜಾಗಕ್ಕೆ ಬೆರಳು ಗಾತ್ರದ ರಬ್ಬರ್ ಕೊಳವೆ, ಟ್ಯೂಬರ್ಕಲ್‌ಗೆ ಒಂದು ಗುಂಡಿ ಇಡಿ. 7×15 ಸೆಂ.ಮೀ. ಪರದೆಯ ತುಂಡನ್ನು ಮೇಲಿನ ಬಾಲ ಮೂರರಲ್ಲಿ ಎರಡು ಪಾಲು, ಕೆಳಗಿನದು ಒಂದು ಪಾಲು ಬರುವಂತೆ ಸೀಳಿ, ಕೊಳವೆಯ ಹಿಂದೆ ಒಂದರ ಮೇಲೊಂದು ತಂದು ವಿದ್ಯಾರ್ಥಿಗಳು ಹೊಲಿಯಲಿ. ಆಮೇಲೆ ಗುಂಡಿಯಿಂದ ಮೆಶ್ ತುದಿಯವರೆಗೆ ಅಳತೆಪಟ್ಟಿ ಹಿಡಿದು ನೋಡಿ.