ನಾಯಿ ಗೂಡಿಗೂ ಒಂದು ಅಳತೆ: ಮಿಸೌರಿಯಿಂದ ಚಿಕ್ಕಬಳ್ಳಾಪುರದವರಿಗೆ

ಶಿಡ್ಲಘಟ್ಟದ ರೈತ ಚಾಕಿ ಹುಳು, ಅಂದರೆ ರೇಷ್ಮೆಯ ಮರಿಹುಳು, ತರುವ ಮೊದಲು ಮೊಟ್ಟೆ ಎಲ್ಲಿಯದು, ಯಾವ ತಳಿ, ಎರಡನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದಿದೆಯಾ ಅಂತ ವಿಚಾರಿಸುತ್ತಾನೆ. ಅದೇ ಮನೆಗೆ ನಾಯಿಮರಿ ತರುವಾಗ ಅದರ ತಾಯಿ ಎಲ್ಲಿದೆ ಅಂತ ಕೇಳುವವರು ಕಡಿಮೆ. ನಾಯಿಮರಿ ವ್ಯಾಪಾರಕ್ಕೆ ಹೆಸರಾದ ಅಮೆರಿಕದ ಮಿಸೌರಿ ರಾಜ್ಯದಲ್ಲಿ ತಾಯಿನಾಯಿಗಳನ್ನು ಹೇಗಿಡಬೇಕು ಎಂಬ ವಿಷಯ ಮತಗಟ್ಟೆವರೆಗೂ ಹೋಗಿತ್ತು.

ಅಮೆರಿಕದಲ್ಲಿ ಮೊದಲಿಂದಲೂ ಕೇಂದ್ರದ ಕಾನೂನೊಂದಿದೆ. ಮರಿ ಹಾಕಿಸುವ ಹೆಣ್ಣುಗಳು ನಾಲ್ಕಕ್ಕಿಂತ ಹೆಚ್ಚಿದ್ದು, ಮರಿಗಳನ್ನು ಅಂಗಡಿಗೋ ಆನ್‌ಲೈನ್‌ನಲ್ಲೋ ಮಾರಿದರೆ ಕೃಷಿ ಇಲಾಖೆಯ ಲೈಸೆನ್ಸ್ ಬೇಕು. ಗೂಡಿನ ಲೆಕ್ಕ ಹೀಗೆ: ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಇಂಚಿನಲ್ಲಿ ಅಳೆದು, 6 ಸೇರಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 144ರಿಂದ ಭಾಗಿಸಬೇಕು. 24 ಇಂಚಿನ ನಾಯಿಗೆ 30×30, ಅಂದರೆ 900, ಭಾಗಿಸಿದರೆ 6.25 ಚದರಡಿ. ಎರಡೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ. ಅಷ್ಟೇ ಗೂಡು ಕೊಟ್ಟರೂ ಜಾಗದ ಮಟ್ಟಿಗೆ ಕಾಗದದ ಮೇಲೆ ತಪ್ಪಿಲ್ಲ.

2010ರ ನವೆಂಬರ್‌ನಲ್ಲಿ ಮಿಸೌರಿಯ ಮತದಾರರು ಇದನ್ನು ಬಿಗಿ ಮಾಡಿದರು. ಒಬ್ಬರ ಬಳಿ 50ಕ್ಕಿಂತ ಹೆಚ್ಚು ಮರಿ ಹಾಕಿಸುವ ನಾಯಿ ಇರಬಾರದು ಎಂಬ ಮಿತಿಯೂ ಅದರಲ್ಲಿತ್ತು. ಮರುವರ್ಷವೇ ಶಾಸಕರು ಆ ಮಿತಿ ಕಿತ್ತುಹಾಕಿದರು. ಜನ ಹಾಕಿದ ಮತಕ್ಕೆ ಆದ ಅನ್ಯಾಯ ಅದು. ಆದರೆ ಜಾಗದ ನಿಯಮ ಉಳಿಯಿತು: 2012ರಿಂದ ಎರಡು ಪಟ್ಟು, 2016ರಿಂದ ಮೂರು ಪಟ್ಟು. ಅದೇ ನಾಯಿಗೆ ಈಗ 18.75 ಚದರಡಿ, ಒಬ್ಬರು ಮಲಗುವ ಚಾಪೆಗಿಂತ ತುಸು ಹೆಚ್ಚು. ತಂತಿ ಜಾಲರಿಯ ನೆಲವೂ ಹೋಯಿತು. ಅದು ಹೇಗಿರುತ್ತದೆ ಅಂತ ಮೊಟ್ಟೆಕೋಳಿ ಫಾರಂ ಕಂಡವರಿಗೆ ಗೊತ್ತು. ಹೇಲು ಕೆಳಗೆ ಬೀಳುವುದರಿಂದ ಗುಡಿಸುವ ಕೂಲಿ ಉಳಿಯುತ್ತದೆ. ಆದರೆ ಮರಿಯ ಕಾಲು ಕಣ್ಣಿಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ತಾಯಿಯ ಬೆರಳ ಸಂದಿಯಲ್ಲಿ ಹುಣ್ಣಾಗುತ್ತದೆ. ಟೇಪು ಹಿಡಿದು ಅಳೆಯಬಹುದಾದ ನಿಯಮಕ್ಕೆ ವಾದ ನಡೆಯದು. 'ಸಾಕಷ್ಟು ಜಾಗ' ಅಂತ ಬರೆದರೆ ಪ್ರತಿಯೊಬ್ಬನಿಗೂ ತನ್ನ ಗೂಡು ಸಾಕಷ್ಟೇ.

ನಮ್ಮಲ್ಲಿ 2017ರ ಕೇಂದ್ರ ನಿಯಮಗಳಿವೆ. ನಾಯಿ ತಳಿ ಮಾಡುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು, 8 ವಾರ ತುಂಬದ ಮರಿ ಮಾರುವಂತಿಲ್ಲ. ಬೆಕ್ಕು ಈ ನಿಯಮಗಳಲ್ಲಿಲ್ಲ, ಸೇರಲೇಬೇಕು. ಅದಕ್ಕಿಂತ ದೊಡ್ಡ ತೂತು ದಂಡದಲ್ಲಿದೆ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಹಿಂಸೆಗೆ 10ರಿಂದ 50 ರೂಪಾಯಿ. ಸಾವಿರಾರು ರೂಪಾಯಿಗೆ ಮರಿ ಮಾರುವವನನ್ನು 50 ರೂಪಾಯಿ ತಡೆಯುವುದಿಲ್ಲ. ರಾಜ್ಯ ಬಿಗಿ ಮಾಡಬೇಕಾದ್ದು ಮೊದಲು ಇಲ್ಲಿ.

ಅಲ್ಲಿಯವರೆಗೆ ಕೊಳ್ಳುವವರೇ ನೋಡಬೇಕು. ಕೆನಲ್ ಕ್ಲಬ್ಬಿನ ಪೇಪರ್ ವಂಶದ ದಾಖಲೆ ಮಾತ್ರ, ಮಂಡಳಿಯ ನೋಂದಣಿ ಬೇರೆ, ಅದನ್ನು ಕೇಳಿ. ರಸ್ತೆಬದಿಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮರಿ ಕೈಗಿಡುತ್ತೇನೆ ಅಂದರೆ ಬೇಡ ಅನ್ನಿ, ತಾಯಿ ಇರುವ ಜಾಗಕ್ಕೇ ಹೋಗಿ. ತಂದ ವಾರದೊಳಗೆ ಮರಿ ವಾಂತಿ, ರಕ್ತಭೇದಿಯಾಗಿ ಸತ್ತರೆ ಅದು ಹೆಚ್ಚಾಗಿ ಪಾರ್ವೋ ಎಂಬ ವೈರಸ್ ರೋಗ. ವೈರಸ್ ಮೈಗೆ ಸೇರಿ ಮೂರರಿಂದ ಏಳು ದಿನಕ್ಕೆ ಲಕ್ಷಣ ಕಾಣಿಸುವುದರಿಂದ, ಹತ್ತಿದ್ದು ಬಹುತೇಕ ಮಾರಿದವನ ಜಾಗದಲ್ಲೇ. ವಯಸ್ಸಿನ ಮಾತು ನಂಬದೆ ಮರಿಯ ತುಟಿ ಎತ್ತಿ ನೋಡಿ: 8 ವಾರದ ಹೊತ್ತಿಗೆ ಹಾಲುಹಲ್ಲು ಮೇಲೆ 14, ಕೆಳಗೆ 14 ಬಂದಿರುತ್ತವೆ, ಪುಟ್ಟ ತಳಿಗಳಲ್ಲಿ ಸ್ವಲ್ಪ ತಡ. ಹಿಂದಿನ ದವಡೆಹಲ್ಲು ಇನ್ನೂ ಮೂಡದ ಮರಿಯನ್ನು ತಾಯಿಯ ಹತ್ತಿರವೇ ಬಿಟ್ಟು ಬನ್ನಿ.